ಈಚಲ ಮರದ ಮಜ್ಜಿಗೆಯೂ ಪೆಟ್ಟಿಗೆಯ ವೈನೂ

ಜೂನ್ ತಿಂಗಳು ಬಂತೆಂದರೆ ಫ್ರೀಮಾಂಟಿನಲ್ಲಿ ಸೂರ್ಯನಿಗೆ ಮುಳುಗುವ ಅವಸರವೇ ಇರುವುದಿಲ್ಲ. ಬೆಂಗಳೂರಿನ ಅತಿ ದೀರ್ಘವಾದ ಹಗಲೂ 13 ತಾಸನ್ನು ಮುಟ್ಟುವುದಿಲ್ಲ. ಇಲ್ಲಿಯ ಹಗಲು 16 ತಾಸಿನ ಸಮೀಪಕ್ಕೆ ಬರುತ್ತದೆ. ರಾತ್ರಿ 9 ಗಂಟೆಯಾದ ಮೇಲೂ ಯೂನಿಯನ್ ಸರೋವರದ ನೀರಿನ ಮೇಲೆ ಬೆಳಕು ಉಳಿದಿರುತ್ತದೆ. ನಾವು ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರವನ್ನಲ್ಲ, ಸಿಯಾಟಲ್ ನಗರದೊಳಗಿನ ನಮ್ಮ ಪುಟ್ಟ ಬಡಾವಣೆಯನ್ನು ಎಂಬುದು ಇಲ್ಲಿಯ ಸದಸ್ಯರಿಗೆ ತಿಳಿದೇ ಇದೆ. ದೂರದ ಓದುಗರಿಗಾಗಿ ಈ ಮಾತು. ತಿಂಗಳುಗಟ್ಟಲೆ ಮೋಡ ಮಳೆಗಳಲ್ಲಿ ಕಳೆದುಕೊಂಡ ಬಿಸಿಲನ್ನು ಬಡ್ಡಿಸಹಿತ ವಸೂಲಿ ಮಾಡಿಕೊಳ್ಳುವವರಂತೆ ನಮ್ಮ ಕುಟುಂಬಗಳು ಈ ದಿನಗಳಲ್ಲಿ ಮನೆಯಿಂದ ಹೊರಗೆ ಬರುತ್ತವೆ. ಹಿತ್ತಿಲಲ್ಲಿ ಮೇಜು ಹಾಕುತ್ತೇವೆ. ಕೋಸಂಬರಿ, ಚಿತ್ರಾನ್ನ, ಮೊಸರನ್ನ, ಕೆಂಡದ ಮೇಲೆ ಸುಟ್ಟ ಜೋಳ, ಒಂದು ದೊಡ್ಡ ಪಾತ್ರೆಯ ತುಂಬ ಪಾನಕ. ಇತ್ತೀಚಿನ ಕೆಲವು ಬೇಸಿಗೆಗಳಿಂದ ಆ ಮೇಜಿನ ಮೂಲೆಯಲ್ಲಿ ಇನ್ನೊಂದು ವಸ್ತುವೂ ಸ್ಥಾನ ಪಡೆದಿದೆ: ಚಿಕ್ಕ ನಲ್ಲಿಯುಳ್ಳ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ 3 ಲೀಟರ್ ವೈನ್.

ಹಿಂದೆ ಈ ಪೆಟ್ಟಿಗೆಗೆ ಮರ್ಯಾದೆಯಿರಲಿಲ್ಲ. ಕಾಲೇಜು ಹುಡುಗರ ಪಾನೀಯ, ಕಾಸಿಲ್ಲದವರ ಆಯ್ಕೆ ಎಂದು ಅಮೆರಿಕನ್ನರೇ ನಗೆಯಾಡುತ್ತಿದ್ದರು. ಅತಿಥಿಯ ಮನೆಗೆ ಪೆಟ್ಟಿಗೆಯನ್ನು ಹೊತ್ತು ಹೋಗುವುದು ಅವಮಾನವೆಂದೇ ಭಾವಿಸಲಾಗಿತ್ತು. ಇಂದು ಅದೇ ಪೆಟ್ಟಿಗೆ ಅಂಗಡಿಯ ಕೆಳಗಿನ ಅಟ್ಟದಿಂದ ಕಣ್ಣಿನ ಎತ್ತರದ ಅಟ್ಟಕ್ಕೆ ಏರಿದೆ; ಹೊಸ ಕಾಲದ ಜಾಣರ ಆಯ್ಕೆ ಎನಿಸಿಕೊಂಡಿದೆ. ಈ ಏರಿಕೆ ಎಷ್ಟರ ಮಟ್ಟಿಗೆ ನ್ಯಾಯವಾದದ್ದು, ನಮ್ಮ ಮನೆಗಳಲ್ಲಿ ಅದು ಏರಿದ ಕಾರಣ ಯಾವುದು, ಮಕ್ಕಳೂ ಹಿರಿಯರೂ ಕೂಡಿ ಕುಳಿತ ಬೇಸಿಗೆಯ ಮೇಜಿನ ಮೇಲೆ ಅದು ಹೇಗೆ ಇರಬೇಕು ಎಂಬುದನ್ನು ಈ ಬಾರಿ ಸದಸ್ಯರ ಮುಂದಿಡಲು ಬಯಸುತ್ತೇವೆ.

ಮೊದಲು ಪೆಟ್ಟಿಗೆಯ ಕುಲಗೋತ್ರವನ್ನು ನೋಡೋಣ. ರಟ್ಟಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲವನ್ನಿಟ್ಟು ದ್ರವವನ್ನು ಸಾಗಿಸುವ ಉಪಾಯವನ್ನು 1950ರ ದಶಕದಲ್ಲಿ ಅಮೆರಿಕದ ವಿಲಿಯಂ ಶೋಲ್ ಎಂಬುವರು ರೂಪಿಸಿದ್ದು ವೈನಿಗಾಗಿ ಅಲ್ಲ, ಬ್ಯಾಟರಿಗೆ ಹಾಕುವ ಆಮ್ಲಕ್ಕಾಗಿ. ಅದನ್ನು ದ್ರಾಕ್ಷಾರಸಕ್ಕೆ ಒಗ್ಗಿಸಿದವರು ದಕ್ಷಿಣ ಆಸ್ಟ್ರೇಲಿಯಾದ ರೆನ್ಮಾರ್ಕ್ ಊರಿನ ವೈನ್ ತಯಾರಕ ಥಾಮಸ್ ಆಂಗೋವ್. 1965ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆದರು. ಆಗ ನಲ್ಲಿಯಿರಲಿಲ್ಲ, ಚೀಲದ ಮೂಲೆಯನ್ನು ಕತ್ತರಿಸಿ ಬೇಕಾದಷ್ಟು ಬಗ್ಗಿಸಿಕೊಂಡು, ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದೊಂದರಿಂದ ಅದನ್ನು ಮತ್ತೆ ಮುಚ್ಚಬೇಕಾಗಿತ್ತು. ಗಾಳಿಯಾಡದ ನಲ್ಲಿ ಎರಡು ವರ್ಷಗಳ ತರುವಾಯ ಬಂತು.

ಇದರ ಗುಣವೆಲ್ಲ ಒಂದು ಸರಳ ಸಂಗತಿಯಲ್ಲಿ ಅಡಗಿದೆ. ಸೀಸೆಯಿಂದ ಒಂದು ಲೋಟ ಬಗ್ಗಿಸಿದರೆ ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಎರಡು ಮೂರು ದಿನಗಳಲ್ಲಿ ಉಳಿದ ವೈನ್ ಹುಳಿಯಾಗತೊಡಗುತ್ತದೆ. ಪೆಟ್ಟಿಗೆಯೊಳಗಿನ ಚೀಲವಾದರೋ ಬಗ್ಗಿಸಿದಷ್ಟೂ ಕುಗ್ಗುತ್ತದೆ, ಗಾಳಿಗೆ ಎಡೆ ಕೊಡುವುದಿಲ್ಲ. ಆದ್ದರಿಂದ ತೆರೆದ ಪೆಟ್ಟಿಗೆಯನ್ನು ಫ್ರಿಜ್ಜಿನಲ್ಲಿಟ್ಟರೆ ನಾಲ್ಕರಿಂದ ಆರು ವಾರ ಕೆಡದೆ ಇರುತ್ತದೆ. ದಿನಕ್ಕೊಂದು ಲೋಟ ಸಾಕೆನ್ನುವವರು ಸೀಸೆ ಕೆಟ್ಟುಹೋಗುತ್ತದೆಂಬ ನೆಪದಿಂದ ಅದನ್ನು ಅಂದೇ ಮುಗಿಸಬೇಕಾಗಿಲ್ಲ. ಖಾಲಿ ಗಾಜಿನ ಸೀಸೆಯೊಂದು ಸುಮಾರು ಅರ್ಧ ಕಿಲೋ ತೂಗುತ್ತದೆ. 3 ಲೀಟರ್ ವೈನಿಗೆ ಅಂಥ ನಾಲ್ಕು ಸೀಸೆ ಬೇಕು. ಅಂದರೆ 2 ಕಿಲೋ ಗಾಜು. ಅಷ್ಟೇ ವೈನನ್ನು ಹೊತ್ತ ರಟ್ಟು ಮತ್ತು ಚೀಲ ಕಾಲು ಕಿಲೋಗಿಂತ ಕಡಿಮೆ. ಲಾರಿ ಹೊರುವ ಭಾರವೂ ಅದಕ್ಕೆ ಉರಿಯುವ ಡೀಸೆಲ್ಲೂ ಆ ಮಟ್ಟಿಗೆ ಉಳಿಯುತ್ತವೆ. ಸ್ವೀಡನ್ನಿನಲ್ಲಿ ಮಾರಾಟವಾಗುವ ವೈನಿನಲ್ಲಿ ಸುಮಾರು ಅರ್ಧ ಪಾಲು ಪೆಟ್ಟಿಗೆಯದೇ ಆಗಿರುವುದಕ್ಕೆ ಇಂಥ ಲೆಕ್ಕಗಳೇ ಕಾರಣ. ದೋಷವೇ ಇಲ್ಲವೆಂದಲ್ಲ: ಪ್ಲಾಸ್ಟಿಕ್ಕಿನ ಮೂಲಕ ಗಾಳಿ ನಿಧಾನವಾಗಿ ಒಳಸೇರುವುದರಿಂದ ವರ್ಷಗಟ್ಟಲೆ ಮಾಗಿಸಬೇಕಾದ ವೈನಿಗೆ ಪೆಟ್ಟಿಗೆ ತಕ್ಕುದಲ್ಲ. ಒಳಗಿನ ಚೀಲವೂ ಮನೆಯ ಮರುಬಳಕೆಯ ಡಬ್ಬಿಗೆ ಸಲ್ಲುವಂಥದಲ್ಲ. ರಟ್ಟನ್ನು ಬೇರ್ಪಡಿಸಿ ಹಾಕಬೇಕು.

ಇಷ್ಟು ನೋಡಿದರೆ ಪೆಟ್ಟಿಗೆಗೆ ಬಂದ ಮರ್ಯಾದೆ ಸುಳ್ಳಲ್ಲ. ನಮ್ಮ ಬಡಾವಣೆಗೆ ಈ ಬಗೆಯ ನ್ಯಾಯ ಹೊಸದೂ ಅಲ್ಲ. ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರವಿರುವ ಗ್ಯಾಸ್ ವರ್ಕ್ಸ್ ಉದ್ಯಾನ ಒಂದು ಕಾಲಕ್ಕೆ ಕಲ್ಲಿದ್ದಲಿನಿಂದ ಅನಿಲ ತಯಾರಿಸುತ್ತಿದ್ದ ಹೊಗೆಗೂಡು. 1956ರಲ್ಲಿ ಕೆಲಸ ನಿಲ್ಲಿಸಿದ ಆ ಕಾರ್ಖಾನೆ 1975ರಲ್ಲಿ ಉದ್ಯಾನವಾಗಿ ತೆರೆಯಿತು. ತುಕ್ಕು ಹಿಡಿದ ಅದೇ ಗೋಪುರಗಳ ಬಳಿ ಈಗ ಮಕ್ಕಳು ಗಾಳಿಪಟ ಹಾರಿಸುತ್ತಾರೆ. 1989ರಿಂದ ಫ್ರೀಮಾಂಟಿನಲ್ಲಿ ನಡೆದುಬಂದಿರುವ ಬೇಸಿಗೆಯ ಅಯನೋತ್ಸವದ ಮೆರವಣಿಗೆಗೆ ಒಂದು ನಿಯಮವಿದೆ: ಅದರಲ್ಲಿ ಅಚ್ಚಾದ ಅಕ್ಷರವಾಗಲಿ, ಕಂಪನಿಗಳ ಲಾಂಛನವಾಗಲಿ ಕಾಣಿಸಿಕೊಳ್ಳಬಾರದು. ಹೆಸರಿನ ಚೀಟಿಯನ್ನು ನೋಡದೆ ವಸ್ತುವನ್ನು ಮಾತ್ರ ನೋಡು ಎನ್ನುವುದನ್ನು ಈ ಊರು ನಮಗೆ ಕಲಿಸಿದೆ. ಆ ಪಾಠವನ್ನು ಪೆಟ್ಟಿಗೆಗೂ ಅನ್ವಯಿಸಬೇಕು. ಗಾಜು, ಬಿರಡೆ, ಚಿನ್ನದ ಬಣ್ಣದ ಚೀಟಿ ಇವುಗಳಿಗೆ ತೆತ್ತ ಹಣದಿಂದ ಆತಿಥ್ಯದ ಘನತೆ ಹೆಚ್ಚುತ್ತದೆಂದು ನಾವು ನಂಬುವುದಿಲ್ಲ.

ಆದರೆ ವಸ್ತುವನ್ನು ಮಾತ್ರ ನೋಡು ಎಂಬ ಮಾತಿಗೆ ಇನ್ನೊಂದು ಮುಖವೂ ಇದೆ. ಪೆಟ್ಟಿಗೆ ಒಳ್ಳೆಯದೇ ಆಗಿರಲಿ, ಒಳಗಿರುವುದು ಮದ್ಯವೇ. ನಮ್ಮ ಆತಂಕ ಹುಟ್ಟುವುದು ಇಲ್ಲಿ.

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಕುಡಿದದ್ದು ಏನೆಂಬುದಕ್ಕಿಂತ ಎಲ್ಲಿ, ಯಾವುದರಲ್ಲಿ ಕುಡಿದೆವೆಂಬುದೇ ಹೆಸರನ್ನು ನಿರ್ಣಯಿಸುತ್ತದೆ ಎಂಬ ಲೋಕಾನುಭವ ಅದರಲ್ಲಿದೆ. ಕರ್ನಾಟಕದಲ್ಲಿ ಮದ್ಯದ ಹೆಸರು ಅದರ ಹೊದಿಕೆಗೆ ಎಷ್ಟು ಅಂಟಿಕೊಂಡಿತ್ತೆಂಬುದಕ್ಕೆ ಪಾಕೀಟು ಸಾರಾಯಿಗಿಂತ ಬೇರೆ ಸಾಕ್ಷಿ ಬೇಡ. ಪ್ಲಾಸ್ಟಿಕ್ ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ತೆರೆಯುವ ದೃಶ್ಯವನ್ನು ನಮ್ಮಲ್ಲಿ ಬಹಳ ಮಂದಿ ಬಸ್ ನಿಲ್ದಾಣಗಳಲ್ಲಿ ಕಂಡಿದ್ದೇವೆ. ಕೂಲಿಯ ಹಣ ಮನೆ ಸೇರುವ ಮುನ್ನವೇ ಆ ಪೊಟ್ಟಣಗಳಲ್ಲಿ ಕರಗಿಹೋಗುತ್ತಿತ್ತು. ಹಳ್ಳಿಯ ಹೆಂಗಸರು ಅದರ ವಿರುದ್ಧ ಬೀದಿಗಿಳಿದರು; 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ ದ್ರಾಕ್ಷಾರಸವನ್ನು ಪ್ರೋತ್ಸಾಹಿಸಿತು. ಒಂದೇ ವರ್ಷ, ಒಂದೇ ಸರ್ಕಾರ. ಪೊಟ್ಟಣಕ್ಕೆ ಬಹಿಷ್ಕಾರ, ಸೀಸೆಗೆ ಸ್ವಾಗತ. ಈಗ ಸಾವಿರಾರು ಮೈಲಿ ಈಚೆಗೆ, ಪ್ಲಾಸ್ಟಿಕ್ ಚೀಲದಲ್ಲೇ ತುಂಬಿದ ಮದ್ಯವನ್ನು ರಟ್ಟಿನ ಮುಚ್ಚಿಗೆಯೊಡನೆ ನಾವು ಮರ್ಯಾದಸ್ಥರ ಮೇಜಿಗೆ ತಂದಿದ್ದೇವೆ. ಇದನ್ನು ನೆನೆದು ನಸುನಗಬಹುದು; ನಕ್ಕು ಸುಮ್ಮನಾಗಬಾರದು.

ನಮ್ಮ ಸಂಘದ ಮನೆಗಳೆಲ್ಲವೂ ಒಂದೇ ಸಂಪ್ರದಾಯದವಲ್ಲ. ಕೊಡಗಿನ ಮನೆಗಳಲ್ಲಿ ಮದುವೆಯ ಊಟದೊಡನೆ ಮದ್ಯ ಕೊಡುವುದು ಮರೆಮಾಚುವ ಸಂಗತಿಯಲ್ಲ; ಹಣ್ಣುಗಳಿಂದ ಮನೆಯಲ್ಲೇ ವೈನ್ ಮಾಡುವ ಕೈಗಳು ಅಲ್ಲಿ ಇಂದಿಗೂ ಇವೆ. ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ದ್ರಾಕ್ಷಿಯ ವೈನನ್ನು ತಿಂಗಳುಗಳ ಮೊದಲೇ ಹಾಕಿಡುತ್ತಾರೆ. ಇನ್ನೊಂದೆಡೆ, ಮದ್ಯದ ಹೆಸರನ್ನೇ ಒಳಗೆ ಬಿಡದ ಮನೆಗಳಿಂದ ಬಂದವರೂ ನಮ್ಮಲ್ಲಿ ಬಹಳ. ಈ ಎರಡು ಬಗೆಯವರ ಬಗ್ಗೆಯೂ ನಮಗೆ ಗೌರವವಿದೆ. ಇಬ್ಬರಲ್ಲೂ ಒಂದು ನೇರತನವಿದೆ. ಕುಡಿಯುವವರು ಮೇಜಿನ ಮೇಲಿಟ್ಟು ಕುಡಿಯುತ್ತಾರೆ, ಒಲ್ಲದವರು ಒಲ್ಲೆವೆನ್ನುತ್ತಾರೆ. ನಾವು ಪ್ರಶ್ನಿಸಬಯಸುವುದು ಮೂರನೆಯ ದಾರಿಯನ್ನು.

ಆ ದಾರಿ ಬೇಸಿಗೆಯಲ್ಲೇ ಹೆಚ್ಚು ಕಣ್ಣಿಗೆ ಬೀಳುತ್ತದೆ. ಊರಿನಿಂದ ತಂದೆತಾಯಿಗಳು, ಅತ್ತೆಮಾವಂದಿರು ಬರುವುದೂ ಈ ತಿಂಗಳುಗಳಲ್ಲೇ. ಅವರ ವಿಮಾನ ಇಳಿಯುವ ಹಿಂದಿನ ದಿನ ನಮ್ಮ ನಡುವಿನ ಎಷ್ಟೋ ಮನೆಗಳಲ್ಲಿ ಸೀಸೆಗಳು ಗ್ಯಾರೇಜಿನ ಅಟ್ಟ ಸೇರುತ್ತವೆ. ಆದರೆ ಪೆಟ್ಟಿಗೆ ಫ್ರಿಜ್ಜಿನಲ್ಲೇ ಉಳಿಯುತ್ತದೆ, ಏಕೆಂದರೆ ಅದು ಹೆಂಡದಂತೆ ಕಾಣುವುದಿಲ್ಲ. ಹಾಲಿನ ಡಬ್ಬಿಯ ಪಕ್ಕದಲ್ಲಿ ಹಣ್ಣಿನ ರಸದಂತೆ ಕುಳಿತಿರುತ್ತದೆ. ಬಗ್ಗಿಸುವಾಗ ಬಿರಡೆಯ ಸದ್ದಿಲ್ಲ. ಖಾಲಿಯಾದ ಮೇಲೆ ಕಸದ ಡಬ್ಬಿಯಲ್ಲಿ ಗಾಜಿನ ಕಿಣಿಕಿಣಿಯಿಲ್ಲ. ಏನದು ಎಂದು ಅತ್ತೆಯವರು ಕೇಳಿದರೆ ಜ್ಯೂಸ್ ಎಂಬ ಒಂದು ಮಾತು ಸಾಕು. ಗಾದೆ ಇಲ್ಲಿ ತಲೆಕೆಳಗಾಗುತ್ತದೆ: ಹೆಂಡವನ್ನು ಮಜ್ಜಿಗೆಯ ಗಡಿಗೆಯಲ್ಲಿಟ್ಟು, ಈಚಲ ಮರವನ್ನೇ ಕಣ್ಣಿಗೆ ಕಾಣದಂತೆ ಮಾಡಿದ್ದೇವೆ.

ಆದ್ದರಿಂದ ನಮ್ಮ ಮನೆಗಳಲ್ಲಿ ಪೆಟ್ಟಿಗೆಯ ವೈನಿನ ಹೆಸರು ಏರಿದ್ದಕ್ಕೆ ಎರಡು ಕಾರಣಗಳಿವೆ ಎಂಬುದು ನಮ್ಮ ಅಭಿಪ್ರಾಯ. ಒಂದು, ಅದು ಕೆಡುವುದಿಲ್ಲ, ಅಗ್ಗ, ಗಾಜು ಉಳಿಸುತ್ತದೆ. ಇನ್ನೊಂದು, ಅದು ಮರೆಮಾಚುತ್ತದೆ. ಮೊದಲನೆಯ ಕಾರಣವನ್ನು ನಾವು ಒಪ್ಪುತ್ತೇವೆ. ಎರಡನೆಯದನ್ನು ಒಪ್ಪಲಾರೆವು.

ಮರೆಮಾಚುವುದರಿಂದ ಹಿರಿಯರಿಗೆ ಆಗುವ ಹಾನಿ ಕಡಿಮೆ. ಅವರು ಲೋಕ ಕಂಡವರು; ಜ್ಯೂಸಿನ ಬಣ್ಣ ಯಾವುದು, ಮಗನ ಮಾತಿನ ಓಟ ಯಾವುದು ಎಂಬುದು ಅವರಿಗೆ ತಿಳಿಯುತ್ತದೆ; ತಿಳಿದೂ ಸುಮ್ಮನಿರುತ್ತಾರೆ. ಹಾನಿಯಾಗುವುದು ಮಕ್ಕಳಿಗೆ. ಅಜ್ಜಿಯ ಮುಂದೆ ಒಂದು ಹೆಸರು, ಗೆಳೆಯರ ಮುಂದೆ ಇನ್ನೊಂದು ಹೆಸರು ಪಡೆಯುವ ಪಾನೀಯವನ್ನು ಹತ್ತು ವರ್ಷದ ಮಗು ನೋಡುತ್ತಿರುತ್ತದೆ. ಕುಡಿಯುವುದು ತಪ್ಪೋ ಸರಿಯೋ ಎಂಬುದನ್ನು ಅದು ಕಲಿಯುವುದಿಲ್ಲ. ಪೆಟ್ಟಿಗೆಯಲ್ಲಿದ್ದರೆ ಯಾರಿಗೂ ಹೇಳಬೇಕಾಗಿಲ್ಲ ಎಂಬುದನ್ನು ಕಲಿಯುತ್ತದೆ. ಇನ್ನು ಆರೇಳು ವರ್ಷಗಳಲ್ಲಿ ಅದೇ ಮಗು ಕಾರಿನ ಕೀಲಿಯನ್ನು ಕೈಯಲ್ಲಿ ಹಿಡಿಯುತ್ತದೆ. ಅಂದು ಅದು ನಮ್ಮಿಂದ ಏನನ್ನೂ ಬಚ್ಚಿಡಬಾರದೆಂದು ಅಪೇಕ್ಷಿಸುವ ಹಕ್ಕನ್ನು ನಾವು ಇಂದೇ ಗಳಿಸಿಕೊಳ್ಳಬೇಕು.

ಪೆಟ್ಟಿಗೆ ಇನ್ನೊಬ್ಬರಿಂದಲೂ ಅಡಗಿಸುತ್ತದೆ. ಅದು ಸ್ವತಃ ಕುಡಿಯುವವರಿಂದ. ಸೀಸೆ ಪಾರದರ್ಶಕ. ಎಷ್ಟು ಇಳಿಯಿತೆಂಬುದನ್ನು ಅದು ಮೇಜಿನ ನಡುವೆ ನಿಂತು ಸಾರುತ್ತದೆ. ಪೆಟ್ಟಿಗೆಗೆ ಅಂಥ ಮನಸ್ಸಾಕ್ಷಿಯಿಲ್ಲ. ಲೆಕ್ಕವನ್ನು ನಾವೇ ಹಾಕಬೇಕು. ಈ ದೇಶದಲ್ಲಿ ಒಂದು ಅಳತೆಯೆಂದರೆ 14 ಗ್ರಾಂ ಶುದ್ಧ ಆಲ್ಕೊಹಾಲ್. ಶೇಕಡಾ 12ರ ಬಲದ ವೈನಿನಲ್ಲಿ ಅದು ಸುಮಾರು 150 ಮಿಲಿಲೀಟರ್. ಅಂದರೆ 3 ಲೀಟರಿನ ಪೆಟ್ಟಿಗೆಯಲ್ಲಿ 20 ಅಳತೆ. ವೈನಿನ ಬಲ ಶೇಕಡಾ 14 ಆದರೆ ಅದೇ ಪೆಟ್ಟಿಗೆಯಲ್ಲಿ 23ಕ್ಕೂ ಹೆಚ್ಚು. ಹಿತ್ತಿಲ ಊಟಕ್ಕೆ ಬಳಸುವ ದೊಡ್ಡ ಕೆಂಪು ಪ್ಲಾಸ್ಟಿಕ್ ಲೋಟ ಅರ್ಧ ತುಂಬಿದರೆ ಒಂದೂವರೆ ಅಳತೆಯಾಯಿತು. ಒಂದೇ ಲೋಟ ಕುಡಿದೆ ಎಂದು ಪ್ರಾಮಾಣಿಕವಾಗಿ ಹೇಳುವವರೂ, ಲೋಟ ತುಂಬಿದ್ದರೆ, ಮೂರು ಅಳತೆ ಕುಡಿದಿರುತ್ತಾರೆ. ದಂಪತಿಗಳಿಬ್ಬರು ವಾರಕ್ಕೊಂದು ಪೆಟ್ಟಿಗೆ ಮುಗಿಸುತ್ತಿದ್ದರೆ ತಲೆಗೆ ಹತ್ತು ಅಳತೆ. ಇದು ಬೇಸಿಗೆಯ ಒಂದು ವಾರದ ಮಾತಾಗಿದ್ದರೆ ಬೇರೆ. ಅಕ್ಟೋಬರಿನ ಮಳೆ ಹಿಡಿದ ಮೇಲೂ ನಡೆದರೆ ಅದಕ್ಕೆ ಬೇಸಿಗೆಯ ಹೆಸರು ಹೇಳಲಾಗದು.

ಈ ವಿಷಯದಲ್ಲಿ ನಮ್ಮವರೇ ಒಬ್ಬರು ಹೇಳಿದ ಮಾತನ್ನು ನೆನೆಯಬೇಕು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಹುದ್ದೆಯಿಂದ ಇಳಿಯುವ ಮುನ್ನ, 2025ರ ಜನವರಿಯಲ್ಲಿ, ಮದ್ಯ ಮತ್ತು ಕ್ಯಾನ್ಸರ್ ಕುರಿತು ಎಚ್ಚರಿಕೆಯ ಪತ್ರವನ್ನು ಹೊರಡಿಸಿದರು. ಸ್ತನ, ಯಕೃತ್ತು, ಕರುಳು, ಬಾಯಿ, ಗಂಟಲು ಸೇರಿದಂತೆ ಕನಿಷ್ಠ ಏಳು ಬಗೆಯ ಕ್ಯಾನ್ಸರಿಗೆ ಮದ್ಯ ಕಾರಣವಾಗುತ್ತದೆಂದೂ, ಈ ದೇಶದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಕ್ಯಾನ್ಸರ್ ಪ್ರಕರಣಗಳಿಗೂ ಸುಮಾರು 20,000 ಸಾವುಗಳಿಗೂ ಅದರ ಸಂಬಂಧವಿದೆಯೆಂದೂ ಅದರಲ್ಲಿ ಹೇಳಲಾಗಿದೆ. ದ್ರಾಕ್ಷಿಯ ವೈನ್ ಹೃದಯಕ್ಕೆ ಒಳ್ಳೆಯದೆಂಬ ಹಳೆಯ ಸಮಾಧಾನವನ್ನು ಇನ್ನು ಹಾಗೆಯೇ ಹೇಳುತ್ತ ಕೂರುವಂತಿಲ್ಲ. ಅದೇ ಮೂರ್ತಿಯವರು 2023ರಲ್ಲಿ ಹೊರಡಿಸಿದ ಇನ್ನೊಂದು ಎಚ್ಚರಿಕೆಯ ಪತ್ರ ಒಂಟಿತನವನ್ನು ಕುರಿತದ್ದು. ಜನರ ಒಡನಾಟವಿಲ್ಲದೆ ಬದುಕುವುದು ಆರೋಗ್ಯಕ್ಕೆ ಮಾರಕವೆಂಬುದು ಅದರ ಸಾರ. ಈ ಎರಡನ್ನೂ ಜೊತೆಗಿಟ್ಟು ಓದಿದರೆ ಬೇಸಿಗೆಯ ಮೇಜಿನ ಬೆಲೆ ತಿಳಿಯುತ್ತದೆ. ಊರಿನಿಂದ ಇಷ್ಟು ದೂರದಲ್ಲಿರುವ ನಮಗೆ ಆ ಮೇಜು ಬೇಕೇ ಬೇಕು. ಅದರ ಮೂಲೆಯ ಪೆಟ್ಟಿಗೆ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಯಾವುದು ಊಟ, ಯಾವುದು ಉಪ್ಪಿನಕಾಯಿ ಎಂಬುದು ತಿಳಿದಿರಲಿ.

ಹಾಗಾದರೆ ಮಾಡಬೇಕಾದದ್ದೇನು? ಪೆಟ್ಟಿಗೆಯನ್ನು ತರುವವರು ತರಲಿ. ಮೇಜಿನ ಮೇಲೆ, ಅದರ ಹೆಸರಿನಿಂದಲೇ, ಎಲ್ಲರಿಗೂ ಕಾಣುವಂತೆ ಇಡಲಿ. ಮಕ್ಕಳು ಕೇಳಿದರೆ ಇದು ವೈನ್, ದೊಡ್ಡವರದು, ಹೆಚ್ಚಾದರೆ ಕೆಡುಕು ಎಂದು ಕನ್ನಡದಲ್ಲೇ ಹೇಳಲಿ. ಪಾನಕದ ಪಾತ್ರೆಗೂ ಪೆಟ್ಟಿಗೆಗೂ ನಡುವೆ ದೂರವಿರಲಿ. ನಲ್ಲಿ ಎಂದರೆ ಮಕ್ಕಳಿಗೆ ಆಟ, ಅದರ ಎತ್ತರವೂ ಅವರ ಕೈಗೆ ಎಟುಕುವಂಥದು. ಸಣ್ಣ ಲೋಟಗಳನ್ನು ಇಡೋಣ. ನಮ್ಮ ಅಡುಗೆಮನೆಗಳಲ್ಲಿ ಅಳತೆಯ ಲೋಟಗಳಿಗೆ ಬರವಿಲ್ಲ. ಒಮ್ಮೆ 150 ಮಿಲಿಲೀಟರ್ ನೀರು ಅಳೆದು ನೋಡಿದರೆ ಕಣ್ಣಿಗೆ ಅಭ್ಯಾಸವಾಗುತ್ತದೆ. ಬೇಡವೆಂದವರನ್ನು ಎರಡನೆಯ ಸಲ ಕೇಳದಿರೋಣ. ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂಬ ಉಪಚಾರ ನಮ್ಮ ಸಂಸ್ಕೃತಿಯ ಚೆಲುವು. ಆ ಬಲವಂತವನ್ನು ವೈನಿಗೆ ವಿಸ್ತರಿಸಿದರೆ ಅದು ಉಪಚಾರವಾಗಿ ಉಳಿಯುವುದಿಲ್ಲ. ಕುಡಿಯದವರಿಗೆ ಮೂಲೆಯಲ್ಲಿ ನೀರಿನ ಸೀಸೆ ಇಟ್ಟು ಕೈತೊಳೆದುಕೊಳ್ಳದೆ, ಪಾನಕಕ್ಕೂ ನೀರುಮಜ್ಜಿಗೆಗೂ ಅಷ್ಟೇ ಶ್ರದ್ಧೆ ವಹಿಸೋಣ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಮದ್ಯವನ್ನು ತೆರೆಯುವುದೂ ಕುಡಿಯುವುದೂ ನಿಷಿದ್ಧ. ಗ್ಯಾಸ್ ವರ್ಕ್ಸ್ ಉದ್ಯಾನದ ಹುಲ್ಲುಹಾಸಿನ ಮೇಲೆ ಪೆಟ್ಟಿಗೆ ಜ್ಯೂಸಿನಂತೆ ಕಂಡರೂ ನಿಯಮ ಬದಲಾಗುವುದಿಲ್ಲ. ರಕ್ತದಲ್ಲಿ ಆಲ್ಕೊಹಾಲ್ ಪ್ರಮಾಣ ಶೇಕಡಾ 0.08 ಮುಟ್ಟಿದರೆ ವಾಹನ ನಡೆಸುವುದು ಅಪರಾಧ; 21 ವರ್ಷ ತುಂಬದವರಿಗೆ ಆ ಮಿತಿ 0.02. ಗೆಳೆಯರ ಮನೆಯಿಂದ ಹಿಂದಿರುಗುವಾಗ ಉಳಿದರ್ಧ ಪೆಟ್ಟಿಗೆಯನ್ನು ಮಕ್ಕಳ ಪಕ್ಕದ ಆಸನದಲ್ಲಿ ಇಡುವುದೂ ಸಲ್ಲದು: ನಲ್ಲಿ ತೆರೆದ ಪೆಟ್ಟಿಗೆ ತೆರೆದ ಸೀಸೆಗೆ ಸಮ, ಅದರ ಸ್ಥಾನ ಕಾರಿನ ಡಿಕ್ಕಿ. ಹಿತ್ತಿಲ ಊಟಕ್ಕೆ ಬರುವ ಪ್ರತಿ ಕುಟುಂಬದಲ್ಲೂ ಅಂದು ಸ್ಟಿಯರಿಂಗ್ ಹಿಡಿಯುವವರು ಯಾರೆಂಬುದು ಮೊದಲ ಲೋಟಕ್ಕೆ ಮುನ್ನವೇ ನಿರ್ಧಾರವಾಗಿರಲಿ. ಪ್ರತಿ ಸಲವೂ ಆ ಪಾಲು ಮನೆಯ ಹೆಂಗಸಿನದೇ ಎಂಬ ಅಲಿಖಿತ ನಿಯಮವೂ ಈ ಬೇಸಿಗೆಗೆ ಮುಗಿಯಲಿ. ಸಂಘದ ವಾರ್ಷಿಕ ವನಭೋಜನದಲ್ಲಿ ಮದ್ಯ ಬೇಡವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಎಲ್ಲ ಬಗೆಯ ಮನೆಗಳಿಂದಲೂ ಬಂದವರು ಸಂಕೋಚವಿಲ್ಲದೆ ಕುಳಿತುಕೊಳ್ಳಬಹುದಾದ ಒಂದು ಜಾಗ ಊರಿನಲ್ಲಿ ಇರಬೇಕು.

ಕನ್ನಡ ಸಂಘದ ಪತ್ರಿಕೆಯಲ್ಲಿ ಮದ್ಯದ ಮಾತೇ ಎಂದು ಕೆಲವರು ಮುಖ ಸಿಂಡರಿಸಬಹುದು. ಅವರಿಗೆ ನಾವು ನೆನಪಿಸುವುದಿಷ್ಟೆ: ಹೆಂಡ ಕುಡಿಯುವವನ ಬಾಯಿಂದ ಪದ ಹಾಡಿಸಿದ ಜಿ. ಪಿ. ರಾಜರತ್ನಂ ಸ್ವತಃ ಕುಡಿಯದವರು. ಆದರೂ ಅವರು ಆ ಲೋಕದಿಂದ ಮುಖ ತಿರುಗಿಸಲಿಲ್ಲ, ಕನ್ನಡವೂ ಅವರನ್ನು ದೂರ ಮಾಡಲಿಲ್ಲ. ಮಾತನಾಡಲು ಹಿಂಜರಿದಷ್ಟೂ ಪೆಟ್ಟಿಗೆಯ ಗೋಡೆ ದಪ್ಪವಾಗುತ್ತದೆ. ಇನ್ನು ಕೆಲವರು, ದುಡಿದು ತಿನ್ನುವ ವಯಸ್ಕರಿಗೆ ಉಪದೇಶವೇಕೆ ಎನ್ನಬಹುದು. ಯಾರ ಲೋಟವನ್ನೂ ನಾವು ಕಿತ್ತುಕೊಳ್ಳುತ್ತಿಲ್ಲ. ಲೋಟದಲ್ಲಿರುವುದಕ್ಕೆ ಅದರ ಹೆಸರನ್ನು ಇಡಿ ಎನ್ನುತ್ತಿದ್ದೇವೆ.

ಊರಿಂದ ಬಂದ ಹಿರಿಯರೊಡನೆ ಈ ನೇರತನವನ್ನು ಆರಂಭಿಸುವುದು ಎಲ್ಲಕ್ಕಿಂತ ಕಠಿಣ ಎಂಬುದನ್ನು ನಾವು ಬಲ್ಲೆವು. ಮೊದಲ ದಿನ ಅಮ್ಮನ ಮುಖ ಚಿಕ್ಕದಾಗಬಹುದು. ಅಪ್ಪಾಜಿ ಊಟ ಬೇಗ ಮುಗಿಸಿ ಏಳಬಹುದು. ಅದರ ಬದಲಿಗೆ ಮೂರು ತಿಂಗಳ ಪರ್ಯಂತ ನಮ್ಮದೇ ಮನೆಯಲ್ಲಿ ನಾವು ಕಳ್ಳಹೆಜ್ಜೆ ಇಡುತ್ತಿದ್ದರೆ, ಅವರು ಅದನ್ನು ಕಂಡೂ ಕಾಣದಂತೆ ಇರಬೇಕಾಗುತ್ತದೆ. ಆ ಭಾರವನ್ನು ಎಪ್ಪತ್ತು ದಾಟಿದವರ ಹೆಗಲಿಗೆ ಹೊರಿಸುವುದು ಗೌರವವಲ್ಲ. ಅವರು ಬೇಡವೆಂದರೆ ಅವರಿರುವಷ್ಟು ದಿನ ಪೆಟ್ಟಿಗೆಯನ್ನು ತರದಿರುವುದೂ ಒಂದು ನೇರವಾದ ದಾರಿ; ಹನ್ನೆರಡು ವಾರ ವೈನಿಲ್ಲದೆ ಕಳೆಯಲಾರೆವು ಎನಿಸಿದರೆ ಆ ಸಂಗತಿಯನ್ನು ವೈದ್ಯರೊಡನೆ ಮಾತನಾಡುವುದು ಒಳಿತು. ಈ ಊರಿನ ಬೇಸಿಗೆ ಚಿಕ್ಕದು, ಹಿರಿಯರು ನಮ್ಮೊಡನೆ ಕಳೆಯುವ ಬೇಸಿಗೆಗಳ ಎಣಿಕೆ ಇನ್ನೂ ಚಿಕ್ಕದು. ಆ ಸಂಜೆಗಳಲ್ಲಿ ಒಂದನ್ನೂ ಏನನ್ನೋ ಅಡಗಿಸುತ್ತ ಕಳೆಯದಿರೋಣ.